ಕಾರಿನ ನೆತ್ತಿಯ ಮೇಲೊಂದು ಡೇರೆ

ನಮ್ಮ ಓದುಗ ಬಂಧುಗಳಲ್ಲಿ ಅನೇಕರ ಮಕ್ಕಳು ಉದ್ಯೋಗನಿಮಿತ್ತವಾಗಿ ಆಸ್ಟ್ರೇಲಿಯಾದಲ್ಲಿ ನೆಲೆಸಿರುವುದು ಎಲ್ಲರೂ ಬಲ್ಲ ಸಂಗತಿ. ತಂದೆತಾಯಿಗಳು ಅಲ್ಲಿಗೆ ಹೋಗಿ ಮೂರು ತಿಂಗಳೋ ಆರು ತಿಂಗಳೋ ಇದ್ದು ಬರುವುದೂ ಈಗ ವಾಡಿಕೆಯಾಗಿದೆ. ಹಾಗೆ ಹೋದ ಹಿರಿಯರನ್ನು ಮಕ್ಕಳು ದೂರದ ಪ್ರವಾಸಕ್ಕೆ ಕರೆದೊಯ್ಯುವಾಗ ಬಳಸುತ್ತಿರುವ ಒಂದು ಸಾಧನದ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ನಾವು ಬಹುದಿನಗಳಿಂದ ಎಣಿಸಿದ್ದೆವು. ಅದು ಕಾರಿನ ಛಾವಣಿಯ ಮೇಲೆ ಬಿಗಿದೊಯ್ದು, ರಾತ್ರಿಯಾದೊಡನೆ ಅಲ್ಲಿಯೇ ಬಿಚ್ಚಿ, ಏಣಿ ಹತ್ತಿ ಒಳಸೇರಿ ಮಲಗುವ ಡೇರೆ. ಅಲ್ಲಿಯವರು ರೂಫ್ ಟಾಪ್ ಟೆಂಟ್ ಎನ್ನುತ್ತಾರೆ. ಬೆಲೆ ಒಂದು ಸಾವಿರ ಡಾಲರಿನಿಂದ ಆರಂಭವಾಗಿ ಐದು ಸಾವಿರವನ್ನೂ ಮೀರುತ್ತದೆ. ಇಷ್ಟು ಹಣ ತೆತ್ತು ಕೊಳ್ಳುವ ವಸ್ತುವನ್ನು ಬಹುಮಂದಿ ಡೇರೆಯ ಅಂದ ನೋಡಿ ಆರಿಸುತ್ತಾರೆ. ಆದರೆ ಡೇರೆಗಿಂತ ಮೊದಲು ನೋಡತಕ್ಕವು ಎರಡಿವೆ: ಕಾರಿನ ಛಾವಣಿ ಹೊರುವ ಭಾರ, ಮತ್ತು ಮನೆಯ ಹಿರಿಯರ ಮೊಣಕಾಲು.

ಈ ಕಲ್ಪನೆ ತೀರ ಹೊಸದಲ್ಲ. ಇಟಲಿಯಲ್ಲಿ 1950ರ ದಶಕದ ಕೊನೆಯ ಹೊತ್ತಿಗಾಗಲೇ ಇಂತಹ ಡೇರೆಗಳು ಬಂದಿದ್ದವು. 1970ರ ದಶಕದ ಪೂರ್ವ ಜರ್ಮನಿಯಲ್ಲಿ ಟ್ರಾಬಂಟ್ ಎಂಬ ಪುಟ್ಟ ಕಾರಿನ ಮೇಲೂ ಡೇರೆ ಹೊತ್ತು ತಿರುಗಿದ ಕುಟುಂಬಗಳಿದ್ದವು. ಆಫ್ರಿಕಾದ ಕಾಡುಗಳಲ್ಲಿ ಮೃಗಗಳ ಭಯಕ್ಕೂ, ಆಸ್ಟ್ರೇಲಿಯಾದಲ್ಲಿ ಕಲ್ಲುನೆಲ, ಕೆಸರು, ಇರುವೆ, ಹಾವುಗಳ ಕಾಟಕ್ಕೂ ಜನ ನೆಲ ಬಿಟ್ಟು ಮೇಲೇರಿದರು.

2023ರ ಆಗಸ್ಟ್ ತಿಂಗಳಲ್ಲಿ ನಾವು ಅಡಿಲೇಡ್ ನಗರದಲ್ಲಿರುವ, ಮೂಲತಃ ಧಾರವಾಡ ಸೀಮೆಯ ಒಂದು ಕುಟುಂಬದ ಅತಿಥಿಗಳಾಗಿದ್ದೆವು. ಮಗ, ಸೊಸೆ, ಎಂಟು ವರ್ಷದ ಮೊಮ್ಮಗ, ಅರವತ್ತೆಂಟು ವಯಸ್ಸಿನ ತಾಯಿ. ಅವರೊಡನೆ ನಾವೂ ಸೇರಿ ಐವರು ಅಲ್ಲಿಂದ ಪರ್ತ್ ನಗರದವರೆಗೆ, ಸುಮಾರು 2,700 ಕಿಲೋಮೀಟರ್ ದೂರ, ನಲ್ಲರ್ಬೋರ್ ಬಯಲನ್ನು ದಾಟಿ ಹೋದೆವು. ನಲ್ಲರ್ಬೋರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮರವಿಲ್ಲದ್ದು ಎಂದರ್ಥ. ಎಡ್ವರ್ಡ್ ಜಾನ್ ಐರ್ ಎಂಬಾತ 1841ರಲ್ಲಿ ಪ್ರಾಣವನ್ನು ಪಣವಾಗಿಟ್ಟು ದಾಟಿದ ಆ ಪ್ರದೇಶದಲ್ಲಿ ಇಂದು ಅವನದೇ ಹೆಸರಿನ ಹೆದ್ದಾರಿಯಿದೆ. ಅದಕ್ಕೆ ಪೂರ್ತಿ ಡಾಂಬರು ಬಿದ್ದದ್ದು 1976ರಲ್ಲಿ. ಬಲಡೋನಿಯಾ ಮತ್ತು ಕೈಗೂನಾಗಳ ನಡುವೆ 146 ಕಿಲೋಮೀಟರಿಗೂ ಮಿಕ್ಕಿ ರಸ್ತೆ ಒಂದು ತಿರುವನ್ನೂ ಕಾಣುವುದಿಲ್ಲ. ಊರುಗಳಿಲ್ಲ, ನೂರಕ್ಕೋ ಇನ್ನೂರಕ್ಕೋ ಒಂದರಂತೆ ಪೆಟ್ರೋಲು, ಊಟ, ಕೆಲವು ಕೋಣೆಗಳುಳ್ಳ ತಂಗುದಾಣಗಳಿವೆ. ಛಾವಣಿಯ ಡೇರೆಯ ಗುಣದೋಷಗಳೆರಡೂ ಇಂತಹ ದಾರಿಯಲ್ಲಿ ಮುಚ್ಚುಮರೆಯಿಲ್ಲದೆ ಹೊರಬೀಳುತ್ತವೆ.

ಮೊದಲು ಭಾರದ ಮಾತು. ಪ್ರತಿಯೊಂದು ಕಾರಿನ ಕೈಪಿಡಿಯಲ್ಲಿಯೂ ಛಾವಣಿಯ ಮೇಲೆ ಇಷ್ಟೇ ಕಿಲೋ ಹೇರಬಹುದೆಂದು ಬರೆದಿರುತ್ತದೆ. ಇದು ಕಾರು ಓಡುತ್ತಿರುವಾಗಿನ ಮಿತಿ. ಬಹುಪಾಲು ಕಾರುಗಳಲ್ಲಿ 50ರಿಂದ 100 ಕಿಲೋ ಒಳಗೆ ಇರುತ್ತದೆ. ಅಲ್ಲಿ ಮಾರಾಟವಾಗುವ ಸುಜುಕಿ ಜಿಮ್ನಿಯಂತಹ ಚಿಕ್ಕ ಗಾಡಿಗೆ 30 ಕಿಲೋ ಮಾತ್ರ. ನಮ್ಮ ಆತಿಥೇಯರ ಏಳು ಆಸನಗಳ ಕಾರಿಗೆ ಇದ್ದದ್ದು 80 ಕಿಲೋ. ಅವರು ಮೊದಲು ತಂದಿದ್ದ ಗಟ್ಟಿ ಚಿಪ್ಪಿನ ಡೇರೆಯ ತೂಕ 78 ಕಿಲೋ. ಎಂಬತ್ತಕ್ಕೆ ಎಪ್ಪತ್ತೆಂಟು ಸರಿಹೋಯಿತಲ್ಲ ಎಂದು ಅಂಗಡಿಯವನೂ ಹೇಳಿದ್ದನಂತೆ. ಡೇರೆಯನ್ನು ಬಿಗಿಯಲು ಛಾವಣಿಗೆ ಅಡ್ಡಲಾಗಿ ಹಾಕಿದ ಕಂಬಿಗಳ ತೂಕ 9 ಕಿಲೋ. ಅದನ್ನು ಯಾರೂ ಎಣಿಸಿರಲಿಲ್ಲ. ಒಟ್ಟು 87 ಆಯಿತು. ಏಳು ಕಿಲೋ ಹೆಚ್ಚಾದರೆ ಏನು ಮುಳುಗಿತು ಎನ್ನುವವರು ಇದ್ದಾರೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಕಾಂಗರೂ ಅಡ್ಡಬಂದು ಬ್ರೇಕು ಒತ್ತಿದರೆ ನೆತ್ತಿಯ ಮೇಲಿನ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಚಕ್ರ ತಿರುಗಿಸಿದರೆ ಪಕ್ಕಕ್ಕೆ ಎಳೆಯುತ್ತದೆ. ಭಾರ ಎತ್ತರಕ್ಕೆ ಹೋದಷ್ಟೂ ಗಾಡಿ ಮಗುಚುವ ಸಂಭವ ಹೆಚ್ಚು. ಮಿತಿಯನ್ನು ಇಟ್ಟಿರುವುದು ಇದಕ್ಕಾಗಿಯೇ. ಆ ಮನೆಯ ಸೊಸೆ ಕೈಪಿಡಿಯನ್ನು ಓದಿ ತಿಳಿಹೇಳಿದ ಮೇಲೆ ಆ ಡೇರೆಯನ್ನು ಹಿಂದಿರುಗಿಸಿ, 56 ಕಿಲೋ ತೂಗುವ ಬಟ್ಟೆಯ ಡೇರೆಯನ್ನು ತಂದರು. ಕಂಬಿಗಳೂ ಸೇರಿ 65.

ಹಳ್ಳಕೊಳ್ಳದ ಮಣ್ಣುದಾರಿಗೆ ಲೆಕ್ಕ ಇನ್ನೂ ಬಿಗಿ. ಕ್ಯಾರಿಯರ್ ತಯಾರಕರು ಮಿತಿಯನ್ನು ಒಂದೂವರೆಯಿಂದ ಭಾಗಿಸಿರೆಂದು ಹೇಳುತ್ತಾರೆ. ಎಂಬತ್ತನ್ನು ಹಾಗೆ ಭಾಗಿಸಿದರೆ 53 ಮಾತ್ರ ಉಳಿಯುತ್ತದೆ. ಆದುದರಿಂದ ನಾವು ಡಾಂಬರು ಬಿಟ್ಟು ದೂರ ಇಳಿಯಲಿಲ್ಲ.

ಓಡುವಾಗ 80 ಕಿಲೋ ಎಂದ ಮೇಲೆ ಮೂವರು ಮೇಲೆ ಮಲಗುವುದು ಹೇಗೆ ಎಂಬ ಸಂದೇಹ ಸಹಜ. ಮಗ 75, ಮೊಮ್ಮಗ 25, ನಾವು 62, ಹಾಸಿಗೆ ಹೊದಿಕೆ 10, ಅದಕ್ಕೆ 65 ಸೇರಿದರೆ 237 ಕಿಲೋ. ನಿಂತ ಕಾರಿನ ಮೇಲೆ ತಳ್ಳಾಟ, ಕುಲುಕಾಟಗಳಿಲ್ಲವಾದ್ದರಿಂದ ಅದು ಹೊರುವ ಭಾರ ಓಡುವ ಕಾರಿಗಿಂತ ಬಹಳ ಹೆಚ್ಚು. ಆದರೂ ಕಂಬಿಗಳನ್ನು ತಯಾರಿಸಿದವರು ನಿಂತಾಗಿನ ಮಿತಿಯೆಂದು ಏನು ಬರೆದಿದ್ದಾರೆಂಬುದನ್ನು ಕೇಳಿಯೇ ಕೊಳ್ಳತಕ್ಕದ್ದು. ಬಿಗಿದ ಮೇಲೆ ಮೊದಲ ನೂರು ಕಿಲೋಮೀಟರಿನೊಳಗೆ ಒಮ್ಮೆ ನಿಲ್ಲಿಸಿ ಬೋಲ್ಟುಗಳಿಗೆ ಸ್ಪ್ಯಾನರು ಹಾಕಿ ನೋಡಬೇಕು. ನಮ್ಮ ಕಾರಿನಲ್ಲಿ ಎರಡು ಬೋಲ್ಟುಗಳು ಕಾಲುಸುತ್ತಿನಷ್ಟು ಸಡಿಲಾಗಿದ್ದವು. ಡೇರೆ ಸೇರಿದ ಕಾರಿನ ಎತ್ತರವನ್ನು ಅಳೆದು ಚೀಟಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸುವುದೂ ಒಳ್ಳೆಯದು. ಪೇಟೆಯ ನೆಲಮಾಳಿಗೆಯ ಗಾಡಿಕಟ್ಟೆಗಳ ಎತ್ತರ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ.

ಡೇರೆಗಳಲ್ಲಿ ಎರಡು ಬಗೆ. ಗಟ್ಟಿ ಚಿಪ್ಪಿನದು ಪೆಟ್ಟಿಗೆಯಂತಿದ್ದು ಒಂದೆರಡು ನಿಮಿಷಗಳಲ್ಲಿ ಮೇಲೇಳುತ್ತದೆ, ಗಾಳಿಗೆ ಅಷ್ಟಾಗಿ ಬಡಿದಾಡುವುದಿಲ್ಲ. ಆದರೆ ತೂಕ, ಬೆಲೆ ಎರಡೂ ಹೆಚ್ಚು. ಬಟ್ಟೆಯದನ್ನು ಪುಸ್ತಕದಂತೆ ಮಡಚಿರುತ್ತಾರೆ. ಬಿಡಿಸಿದಾಗ ಅರ್ಧ ಭಾಗ ಕಾರಿನಿಂದ ಹೊರಚಾಚಿ ಏಣಿಯ ಮೇಲೆ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ. ಹೊರಚಾಚಿದ ಭಾಗದ ಕೆಳಗೆ ಸುತ್ತಲೂ ಬಟ್ಟೆ ಇಳಿಬಿಟ್ಟು ನೆಲಮಟ್ಟದಲ್ಲಿ ಒಂದು ಕೋಣೆ ಮಾಡಿಕೊಳ್ಳಬಹುದೆಂಬುದೇ ಅದರ ದೊಡ್ಡ ಗುಣ. ಒಳಗಿನ ಎತ್ತರವನ್ನು ಅಂಗಡಿಯಲ್ಲಿಯೇ ಕುಳಿತು ಪರೀಕ್ಷಿಸಿರಿ. ಕೆಲವು ಡೇರೆಗಳಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರೆ ತಲೆ ತಾಗುತ್ತದೆ. ಬೆಳಗಿನ ಪೂಜೆಗೆ ಕುಳಿತುಕೊಳ್ಳುವ ನಮ್ಮವರಿಗೆ ಅದು ಒಗ್ಗದು. ಬಟ್ಟೆ ಹತ್ತಿ ಬೆರೆತ ಕ್ಯಾನ್ವಾಸಾಗಿದ್ದು, ಚದರ ಮೀಟರಿಗೆ 280 ಗ್ರಾಮಿನಷ್ಟಾದರೂ ತೂಗಿದರೆ ಉಸಿರಾಡುತ್ತದೆ, ಚಳಿಯನ್ನೂ ತಡೆಯುತ್ತದೆ.

ಇನ್ನು ಏಣಿ. ಮಾರುವವರು ಎಲ್ಲವನ್ನೂ ಹೇಳಿ ಇದೊಂದನ್ನು ಮಾತ್ರ ಹೇಳುವುದಿಲ್ಲ. ಮನೆಯಂಗಳದಲ್ಲಿ ಡೇರೆ ಬಿಚ್ಚಿ ತೋರಿಸಿದ ದಿನ ತಾಯಿಯವರು ಏಣಿಯನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿ, “ಗುರುಗಳ, ಹಗಲೊತ್ತು ಹೆಂಗರ ಮಾಡಿ ಹತ್ತತೇನ್ರಿ. ರಾತ್ರಿ ಎರಡಕ್ಕ ಎಚ್ಚರಾದ್ರ ಇಳ್ಯಾಕ ಹೆಂಗ್ರಿ?” ಎಂದರು. ಮಗ ನಕ್ಕನು. ನಮಗೆ ನಗು ಬರಲಿಲ್ಲ. ಅರವತ್ತು ದಾಟಿದವರು ರಾತ್ರಿಯಲ್ಲಿ ಒಮ್ಮೆಯೋ ಎರಡು ಬಾರಿಯೋ ಏಳುವುದು ದೇಹಧರ್ಮ. ನಿದ್ದೆಗಣ್ಣು, ಇಬ್ಬನಿಯಿಂದ ಒದ್ದೆಯಾದ ಅಲ್ಯೂಮಿನಿಯಂ ಮೆಟ್ಟಿಲು, ಬೆನ್ನು ಹೊರಗೆ ಮಾಡಿ ಕಾಲಿನಿಂದ ತಡಕುತ್ತ ಇಳಿಯುವ ಭಂಗಿ. ಮೂಳೆ ಮುರಿಯಲು ಇನ್ನೇನು ಬೇಕು? ಮುರಿದರೆ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಸೀಡೂನಾದ ಮೊದಲ ರಾತ್ರಿ ನಾವೇ ಮೇಲೆ ಮಲಗಿ, ನಡುರಾತ್ರಿ ಏಳು ಮೆಟ್ಟಿಲು ಇಳಿದು, ಮತ್ತೆ ಏಳು ಹತ್ತಿದೆವು. ಕೊರಳಿಗೆ ದೀಪ ತೂಗಹಾಕಿಕೊಂಡು ಎರಡು ಕೈಗಳನ್ನೂ ಏಣಿಗೆ ಕೊಟ್ಟದ್ದರಿಂದ ಕ್ಷೇಮವಾಗಿ ಬಂದೆವು. ಆದರೆ ಮೊಣಕಾಲು ನೋವಿರುವವರಿಗೆ ಇದನ್ನು ನಾವು ಖಂಡಿತವಾಗಿ ಹೇಳೆವು.

ತಾಯಿಗೂ ಸೊಸೆಗೂ ಕೆಳಗಿನ ಕೋಣೆಯಲ್ಲಿ ಮಡಚುವ ಮಂಚಗಳನ್ನು ಹಾಕಿದರು. ನಡುವೆ ಎರಡು ರಾತ್ರಿ, ಮುಂದ್ರಬಿಲ್ಲಾದಲ್ಲಿಯೂ ನಾರ್ಸ್‌ಮನ್‌ನಲ್ಲಿಯೂ, ತಂಗುದಾಣದ ಕೋಣೆ ಹಿಡಿದೆವು. ಡೇರೆ ಇದ್ದೂ ಕೋಣೆಗೆ ಹಣ ಕೊಡುವುದೇಕೆ ಎಂದು ಮಗ ಮೊದಲು ಗೊಣಗಿದರೂ, ಬಿಸಿನೀರ ಸ್ನಾನವಾದ ಮೇಲೆ ತಾಯಿಯ ಮುಖ ನೋಡಿ ಸುಮ್ಮನಾದನು. ಇಂತಹ ಪ್ರವಾಸದಲ್ಲಿ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗುವುದೂ ಬೇಡ, ಏಣಿ ಹತ್ತಿಸುವುದೂ ಬೇಡ. ಡೇರೆ ಆರಿಸುವಾಗಲೇ ಅವರು ಎಲ್ಲಿ ಮಲಗುತ್ತಾರೆಂದು ಕೇಳಿಕೊಂಡರೆ ಸಾಕು. ನಮ್ಮ ಆತಿಥೇಯರಿಗೆ ಬಟ್ಟೆಯ ಡೇರೆ ಒದಗಿದ್ದು ತೂಕದ ಕಾರಣದಿಂದಾದರೂ, ಅದು ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಕೆಳಕೋಣೆಯಿಂದ. ಮೇಲೆ ಮಕ್ಕಳು ಮಲಗುವುದಾದರೆ ಅವರನ್ನು ಬಾಗಿಲಿನಿಂದ ದೂರ, ಒಳಗಡೆ ಮಲಗಿಸಿ ರಾತ್ರಿ ಝಿಪ್ಪನ್ನು ಪೂರ್ತಿ ಎಳೆಯಬೇಕು. ಏಣಿಯ ಕಾಲು ಮರಳಿನಲ್ಲಿ ಹೂತುಹೋಗದಂತೆ ಅಡಿಯಲ್ಲಿ ಒಂದು ಹಲಗೆ ಇಡಬೇಕು. ಪ್ರತಿ ಮೆಟ್ಟಿಲಿನ ಚಿಲಕ ಬಿದ್ದಿದೆಯೇ ಎಂದು ಕೈಮುಟ್ಟಿ ನೋಡಬೇಕು.

ಬಿಡಾರದ ಜಾಗ ಸಮತಟ್ಟಾಗಿರಬೇಕು. ಸ್ವಲ್ಪ ಇಳಿಜಾರಿದ್ದರೆ ತಲೆ ಎತ್ತರದ ಕಡೆಗಿರಲಿ. ನಲ್ಲರ್ಬೋರ್ ತಂಗುದಾಣದಲ್ಲಿ ಗಾಳಿಗೆ ತಡೆಯೇ ಇಲ್ಲ. ಅಲ್ಲಿ ನಾವು ಕಂಡುಕೊಂಡದ್ದೆಂದರೆ, ಡೇರೆಯ ಕೀಲಿರುವ ಮಗ್ಗುಲನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನು ಮರೆಯಲ್ಲಿಡಬೇಕು. ಹಾಗಿದ್ದೂ ಮೇಲುಹೊದಿಕೆಯ ಪಟಪಟ ಸದ್ದಿನಿಂದ ಅರ್ಧ ರಾತ್ರಿ ನಿದ್ದೆ ಇರಲಿಲ್ಲ. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದ ರಾತ್ರಿ ನಮ್ಮ ಉಸಿರಿನ ಆವಿಯೇ ತಂಪಾದ ಬಟ್ಟೆಗೆ ತಾಗಿ ಹನಿಗಟ್ಟಿ, ಬೆಳಗಾಗುವಷ್ಟರಲ್ಲಿ ಹೊದಿಕೆ ತೇವಗೊಂಡಿತ್ತು. ಎದುರುಬದುರಿನ ಎರಡು ಕಿಟಕಿಗಳನ್ನು ಅಂಗೈಯಗಲ ತೆರೆದು ಕಂಬಳಿ ಒಂದು ಹೆಚ್ಚಿಗೆ ಹೊದೆಯುವುದೇ ಇದಕ್ಕೆ ಮದ್ದು. ಚಳಿ ಕಾಯಲು ಒಲೆಯನ್ನೋ ಕೆಂಡವನ್ನೋ ಒಳಗೆ ಒಯ್ಯುವುದು ಮಾತ್ರ ಪ್ರಾಣಕ್ಕೆ ಎರವು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಕೆಳಗಿನ ಕೋಣೆಗೂ ಇದೇ ಮಾತು. ನಮ್ಮ ಅಡಿಗೆ ಬಯಲಿನಲ್ಲಿ, ಡೇರೆಯಿಂದ ಹತ್ತು ಹೆಜ್ಜೆ ಆಚೆ ನಡೆಯುತ್ತಿತ್ತು.

ಅಡಿಗೆಯ ಮಾತು ಬಂದದ್ದರಿಂದ ಒಂದು ಸೂಚನೆ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಹಸಿ ಹಣ್ಣು, ತರಕಾರಿ, ಜೇನುತುಪ್ಪಗಳನ್ನು ಒಳಗೆ ಬಿಡುವುದಿಲ್ಲ; ಬೆಳೆರೋಗ ಹರಡೀತೆಂಬ ಎಚ್ಚರಿಕೆ. ನಮ್ಮ ಕರಿಬೇವಿನ ಸೊಪ್ಪೂ ಅಲ್ಲಿಯೇ ಉಳಿಯಿತು. ಸೊಸೆ ಹಿಂದಿನ ರಾತ್ರಿಯೇ ಉಳಿದ ಬದನೆಕಾಯಿಯನ್ನು ಪಲ್ಯ ಮಾಡಿದ್ದರಿಂದ ಅದಕ್ಕೆ ತಕರಾರು ಬರಲಿಲ್ಲ. ಬಯಲಿನಲ್ಲಿ ಸಿಹಿನೀರು ದುರ್ಲಭ. ಕುಡಿಯುವ ನೀರನ್ನು ಸೀಡೂನಾದಲ್ಲಿಯೇ ತುಂಬಿಕೊಳ್ಳಬೇಕು.

ಸಂಜೆಗತ್ತಲೆಯಲ್ಲಿ ಕಾಂಗರೂಗಳು ರಸ್ತೆಗೆ ಬರುವುದರಿಂದ ನಾಲ್ಕೂವರೆ ಗಂಟೆಗೆಲ್ಲ ಪ್ರಯಾಣ ನಿಲ್ಲಿಸುತ್ತಿದ್ದೆವು. ಒಮ್ಮೆ ಡೇರೆ ಬಿಚ್ಚಿದ ಮೇಲೆ ಕಾರು ಕದಲುವಂತಿಲ್ಲ. ಹಾಲು ಮರೆತಿದ್ದರೂ, ಪೆಟ್ರೋಲು ತುಂಬಿಸಬೇಕಿದ್ದರೂ ಎಲ್ಲವನ್ನೂ ಮಡಚಿಯೇ ಹೊರಡಬೇಕು. ಒಂದೇ ಸ್ಥಳದಲ್ಲಿ ನಾಲ್ಕು ದಿನ ಇದ್ದು ಸುತ್ತಮುತ್ತ ನೋಡುವವರಿಗೆ ನೆಲದ ಡೇರೆಯೇ ಮೇಲು. ದಿನಕ್ಕೊಂದು ತಾಣ ಬದಲಿಸುವವರಿಗೆ ಇದು ಅನುಕೂಲ. ನೆತ್ತಿಯ ಮೇಲಿನ ಹೊರೆಗೆ ಗಾಳಿ ತಡೆಯುವುದರಿಂದ ಪೆಟ್ರೋಲೂ ಹೆಚ್ಚು ಬೇಕು. ನೂರು ಕಿಲೋಮೀಟರಿಗೆ ಒಂಬತ್ತೂವರೆ ಲೀಟರು ಕುಡಿಯುತ್ತಿದ್ದ ಆ ಕಾರು ಪಡುವಣ ಗಾಳಿಗೆ ಎದುರಾಗಿ ಹನ್ನೊಂದನ್ನು ಮುಟ್ಟಿತೆಂದು ಮಗ ಲೆಕ್ಕ ತೋರಿಸಿದನು. ವರ್ಷಕ್ಕೊಮ್ಮೆ ಮಾತ್ರ ಹೋಗುವವರು ಕೊಳ್ಳುವ ಬದಲು ಬಾಡಿಗೆಗೆ ಪಡೆಯುವುದು ಲೇಸು. ಕೊಂಡವರೂ ಉಳಿದ ದಿನಗಳಲ್ಲಿ ಅದನ್ನು ಕಾರಿನಿಂದ ಇಳಿಸಿಡಬೇಕು.

ಪರ್ತ್ ತಲುಪುವ ದಿನ ಬೆಳಿಗ್ಗೆ ಮಳೆ ಬಂದಿತ್ತು. ತೇವದ ಡೇರೆಯನ್ನು ಹಾಗೆಯೇ ಮಡಚಿ ಮೂರು ದಿನ ಬಿಟ್ಟರೆ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ಆ ಕರಿಚುಕ್ಕೆಗಳೂ ವಾಸನೆಯೂ ಮತ್ತೆ ಬಿಡುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇಂತಹುದನ್ನು ಬಳಸುವ ಮನಸ್ಸುಳ್ಳವರು ಇದನ್ನು ಎರಡು ಬಾರಿ ಯೋಚಿಸತಕ್ಕದ್ದು. ಇಳಿದುಕೊಂಡ ಬಂಧುಗಳ ಮನೆಯಂಗಳದಲ್ಲಿ ಬಿಸಿಲು ಬಿದ್ದೊಡನೆ ಡೇರೆಯನ್ನು ಪೂರ್ತಿ ಬಿಚ್ಚಿ, ಗಾದಿಯನ್ನು ಹೊರತೆಗೆದು ನಿಲ್ಲಿಸಿ, ಮಧ್ಯಾಹ್ನದವರೆಗೆ ಒಣಗಿಸಿದರು. ಗಾದಿಯ ತಳಭಾಗ ಒಣಗಲು ಇನ್ನೂ ಅರ್ಧ ದಿನ ಹಿಡಿಯಿತು.