ಅಮೆರಿಕದ ರೈತನ ಸಹಾಯಧನ: ನಂಬಿಕೆ ಒಂದು, ಕರಾರು ಇನ್ನೊಂದು

ಅಮೆರಿಕದಲ್ಲಿ ರೈತರಿಗೆ ಸರ್ಕಾರ ಕೂತಲ್ಲಿಗೇ ದುಡ್ಡು ತಂದುಕೊಡುತ್ತದೆ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಬೆಲೆ ಬೆಂಬಲ, ಬೆಳೆ ವಿಮೆಗಳ ಸಂಗತಿ ಏನೇ ಇರಲಿ, ಮಣ್ಣು-ನೀರಿನ ಸಂರಕ್ಷಣೆಗೆ ಸಿಗುವ ಹಣಕ್ಕೆ ಈ ಮಾತು ಸ್ವಲ್ಪವೂ ಹೊಂದುವುದಿಲ್ಲ. 1930ರ ದಶಕದ ಧೂಳಿನ ಬಿರುಗಾಳಿಗಳು ಹೊಲಗಳ ಮೇಲ್ಮಣ್ಣನ್ನು ಹೊತ್ತೊಯ್ದಾಗ, 1935ರಲ್ಲಿ ಅಲ್ಲಿ ಮಣ್ಣು ಸಂರಕ್ಷಣೆಗೆಂದೇ ಒಂದು ಸಂಸ್ಥೆ ಹುಟ್ಟಿತು. 1994ರಿಂದ ಅದರ ಹೆಸರು ಎನ್‌ಆರ್‌ಸಿಎಸ್. ಅದು ನಡೆಸುವ ‘ಇಕ್ವಿಪ್’ ಯೋಜನೆ 1996ರ ಕೃಷಿ ಕಾಯ್ದೆಯ ಕೂಸು. ಇದರಡಿ ಹಣ ಬೇಕೆಂದರೆ ರೈತ ಸರ್ಕಾರದ ಜತೆ ಕರಾರಿಗೆ ಸಹಿ ಹಾಕಬೇಕು. ಅದರ ಅವಧಿ ಹೆಚ್ಚೆಂದರೆ 10 ವರ್ಷ.

“ಅರ್ಜಿ ಕೊಟ್ಟಾಯಿತಲ್ಲ, ಕೆಲಸ ಶುರು ಮಾಡಿಬಿಡೋಣ.” ರೈತರನ್ನು ಮುಳುಗಿಸುವ ನಂಬಿಕೆ ಇದೇ. ಅರ್ಜಿ ಬೇರೆ, ಮಂಜೂರಾದ ಕರಾರು ಬೇರೆ. ಯೋಜನೆಯಡಿ ಬೇಲಿ ಹಾಕಲು ಹೊರಟವರು ಕರಾರಿಗೆ ಸರ್ಕಾರದ ಕಡೆಯ ಸಹಿ ಬೀಳುವ ಮೊದಲೇ ಕಂಬ ನೆಟ್ಟರೆ ಆ ಬೇಲಿಗೆ ಬಿಡಿಗಾಸೂ ಸಿಗುವುದಿಲ್ಲ. ಮುಂಚೆಯೇ ಬರೆದು ಕೇಳಿಕೊಂಡು ವಿನಾಯಿತಿ ಪಡೆದವರದು ಬೇರೆ ಮಾತು. ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಲೆಕ್ಕಕ್ಕಿಲ್ಲ. ನಮ್ಮ ಕೃಷಿ ಭಾಗ್ಯದ ಹೊಂಡ ತೋಡಿಸಿದವರಿಗೆ ಇದು ಹೊಸದೇನಲ್ಲ: ಕಾರ್ಯಾದೇಶ ಮೊದಲು, ಜೆಸಿಬಿ ಆಮೇಲೆ. ಇನ್ನು, ಮೊದಲು ಅರ್ಜಿ ಹಾಕಿದವರಿಗೆ ಮೊದಲ ಮಣೆಯೂ ಇಲ್ಲ. ಗಡುವಿನೊಳಗೆ ಬಂದ ಅರ್ಜಿಗಳನ್ನು ಮಣ್ಣು-ನೀರಿಗೆ ಎಷ್ಟು ಅನುಕೂಲ ಎಂದು ಅಳೆದು ಅಂಕ ಕೊಡುತ್ತಾರೆ. ದುಡ್ಡು ಮುಗಿಯುವ ತನಕ ಅಂಕದ ಸಾಲಿನಲ್ಲೇ ಹಂಚಿಕೆ.

“ಖರ್ಚಿನ ಮುಕ್ಕಾಲು ಭಾಗ ಸರ್ಕಾರದ್ದು, ಬಿಲ್ಲು ತೋರಿಸಿದರಾಯಿತು” ಎಂಬುದು ಅರ್ಧ ಸತ್ಯ. ಶೇ. 75 ಎಂಬುದು ಅಂದಾಜು ವೆಚ್ಚದ ಮೇಲೆ ಕಾನೂನು ಹಾಕಿರುವ ಮಿತಿ. ಅದರೊಳಗೆ ಒಂದೊಂದು ಕೆಲಸಕ್ಕೂ ಆಯಾ ರಾಜ್ಯದ ದರಪಟ್ಟಿ ಇರುತ್ತದೆ. ಬೇಲಿಯನ್ನೇ ನೋಡಿ. ಕರಾರಿನಲ್ಲಿ ಅದಕ್ಕೆ 382 ಎಂಬ ಸಂಕೇತ ಸಂಖ್ಯೆ. ಹಣ ಅಡಿ ಲೆಕ್ಕದಲ್ಲಿ. ಮನೆಮಂದಿಯೇ ಸೇರಿ ಕಡಿಮೆ ಖರ್ಚಿನಲ್ಲಿ ಕಟ್ಟಿದರೂ ದರ ಅಷ್ಟೇ, ಗುತ್ತಿಗೆದಾರನಿಗೆ ದುಪ್ಪಟ್ಟು ಸುರಿದರೂ ಅಷ್ಟೇ. ಮುಗಿದ ಮೇಲೆ ತಜ್ಞರು ಬಂದು ತಂತಿ ಎಷ್ಟು ಎಳೆ, ಕಂಬದಿಂದ ಕಂಬಕ್ಕೆ ಎಷ್ಟು ಅಂತರ, ಮೂಲೆಗಂಬಕ್ಕೆ ಆಸರೆ ಇದೆಯೇ ಎಂದು ವಿನ್ಯಾಸದ ಹಾಳೆ ಹಿಡಿದು ಪರಿಶೀಲಿಸುತ್ತಾರೆ. ಅದು ತಾಳೆಯಾದ ಮೇಲೆ ಹಣ. ದರ ಸಾಮಾನ್ಯವಾಗಿ ಕರಾರಿನ ದಿನವೇ ಗಟ್ಟಿಯಾಗುವುದರಿಂದ, ಬೇಲಿಯಂಥ ದುಬಾರಿ ಕೆಲಸವನ್ನು ಕೊನೆಯ ವರ್ಷಕ್ಕೆ ತಳ್ಳುವುದು ಜಾಣತನವಲ್ಲ. ತಂತಿಯ ಬೆಲೆ ಏರಿದರೆ ಆ ಹೊರೆ ರೈತನ ತಲೆಗೆ.

ಹಾಗಾದರೆ ಕೈಯಲ್ಲಿ ಬಂಡವಾಳ ಇಲ್ಲದವನಿಗೆ ಇದು ಎಟುಕದ ದ್ರಾಕ್ಷಿಯೇ? ಪೂರ್ತಿ ಹಾಗಲ್ಲ. ಬೇಸಾಯಕ್ಕಿಳಿದು 10 ವರ್ಷ ತುಂಬದವರು, ಸೇನೆಯಿಂದ ಬಂದವರು, ಕಡಿಮೆ ವರಮಾನದವರು ಶೇ. 90ರ ತನಕ ಪಡೆಯಬಹುದು. ಜತೆಗೆ ಕನಿಷ್ಠ ಅರ್ಧದಷ್ಟು ಮುಂಗಡ ಕೇಳಬಹುದು. ಅದನ್ನು 90 ದಿನದೊಳಗೆ ಆ ಕೆಲಸಕ್ಕೇ ಖರ್ಚು ಮಾಡಬೇಕು. ಸ್ವಂತ ಜಮೀನೇ ಇರಬೇಕೆಂಬ ಕಡ್ಡಾಯವೂ ಇಲ್ಲ. ಕರಾರು ಮುಗಿಯುವ ತನಕ ಜಮೀನು ತನ್ನ ಕೈಯಲ್ಲಿರುತ್ತದೆ ಎಂದು ತೋರಿಸಿದರೆ ಗೇಣಿದಾರನಿಗೂ ಅವಕಾಶವಿದೆ. ಬಂದ ಹಣ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ.

“ಹಣ ಬಂತು, ಋಣ ತೀರಿತು” ಎನ್ನುವುದೂ ತಪ್ಪು. ಬೇಲಿಗೆ ನಿಗದಿಯಾದ ಬಾಳಿಕೆ 20 ವರ್ಷ; ಅಷ್ಟು ಕಾಲ ಅದನ್ನು ಸುಸ್ಥಿತಿಯಲ್ಲಿಡುವ ಹೊಣೆ ರೈತನದು. ಕರಾರಿನ ನಡುವೆ ಜಮೀನು ಮಾರಿದರೆ, ಕೊಂಡವನು ಕರಾರನ್ನು ವಹಿಸಿಕೊಳ್ಳಲು ಒಪ್ಪದಿದ್ದಾಗ ಪಡೆದ ಹಣವನ್ನು ಹಿಂದಿರುಗಿಸಬೇಕಾಗಬಹುದು. ಕ್ರಯಪತ್ರಕ್ಕೆ ಮುಂಚೆ ಕಚೇರಿಗೆ ಒಂದು ಸಲ ಹೋಗಿಬರುವುದು ಮೇಲು.

ಬರವೋ ಕಾಯಿಲೆಯೋ ಬಂದು ಕೆಲಸ ನಿಂತರೆ ಎಲ್ಲ ಮುಗಿಯಿತೆಂದು ಕೈಚೆಲ್ಲುವವರೂ ಇದ್ದಾರೆ. ಗಡುವಿಗೆ ಮುಂಚೆಯೇ ಬರೆದು ಕೇಳಿದರೆ ವೇಳಾಪಟ್ಟಿಯನ್ನು ಮುಂದೂಡಲು, ಕೆಲಸವನ್ನೇ ಬದಲಿಸಲು ದಾರಿಯಿದೆ. ಸುಮ್ಮನಿದ್ದರೆ ಅದು ಕರಾರು ಭಂಗ: ಪಡೆದ ಹಣ ಬಡ್ಡಿ ಸಮೇತ ವಾಪಸ್, ಮೇಲೆ ನಷ್ಟ ಪರಿಹಾರದ ದಂಡವನ್ನೂ ಹಾಕಬಹುದು.