ಗಣಕಯಂತ್ರಗಳ ನಡುವಣ ದುಭಾಷಿ

1966ನೆಯ ಇಸವಿಯಲ್ಲಿ ಅಮೆರಿಕದ ಪೆಂಟಗನ್ ಭವನದಲ್ಲಿ ರಾಬರ್ಟ್ ಟೇಲರ್ ಎಂಬ ಅಧಿಕಾರಿಯ ಕೊಠಡಿಗೆ ಹೊಂದಿಕೊಂಡಂತೆ, ಬೆರಳಚ್ಚು ಯಂತ್ರವನ್ನು ಹೋಲುವ ಮೂರು ಸಾಧನಗಳಿದ್ದುವು. ಒಂದು ಸಾಂಟಾ ಮೋನಿಕಾ ನಗರದ ಗಣಕಯಂತ್ರಕ್ಕೂ, ಎರಡನೆಯದು ಬರ್ಕ್ಲಿ ವಿಶ್ವವಿದ್ಯಾನಿಲಯದ ಯಂತ್ರಕ್ಕೂ, ಮೂರನೆಯದು ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಯಂತ್ರಕ್ಕೂ ದೂರವಾಣಿ ತಂತಿಯ ಮೂಲಕ ಜೋಡಿಸಲ್ಪಟ್ಟಿದ್ದುವು. ಮೂರು ಕಡೆಯ ಸಂಶೋಧನೆಗೂ ಹಣ ಹೋಗುತ್ತಿದ್ದುದು ಟೇಲರನ ಇಲಾಖೆಯಿಂದಲೇ. ಆದರೂ ಒಂದು ಯಂತ್ರಕ್ಕೆ ಕೊಡುವ ಆಜ್ಞೆ ಮತ್ತೊಂದಕ್ಕೆ ತಿಳಿಯದು. ಬರ್ಕ್ಲಿಯಿಂದ ಬಂದ ಸಂಗತಿಯೊಂದನ್ನು ಮಸಾಚುಸೆಟ್ಸಿಗೆ ತಿಳಿಸಬೇಕೆಂದರೆ ಆತನು ಕುರ್ಚಿಯಿಂದೆದ್ದು, ಇನ್ನೊಂದು ಸಾಧನದ ಮುಂದೆ ಕುಳಿತು, ಬೇರೊಂದು ಬಗೆಯ ಆಜ್ಞೆಗಳಿಂದ ಮೊದಲಿನಿಂದ ತೊಡಗಬೇಕಾಗಿತ್ತು. ಒಂದೇ ಸಾಧನದಿಂದ ಮೂರನ್ನೂ ಮಾತನಾಡಿಸಲು ಏಕೆ ಆಗಬಾರದು ಎಂಬುದು ಆತನ ಪ್ರಶ್ನೆ.

ಪ್ರಶ್ನೆ ಸರಳವಾಗಿ ತೋರುತ್ತದೆ, ಉತ್ತರ ಸರಳವಲ್ಲ. ಆ ಕಾಲದಲ್ಲಿ ಪ್ರತಿಯೊಬ್ಬ ತಯಾರಕನೂ ತನ್ನ ಯಂತ್ರವೊಂದೇ ಲೋಕದಲ್ಲಿರುವುದೆಂಬಂತೆ ಅದನ್ನು ರಚಿಸುತ್ತಿದ್ದನು. ಗಣಕಯಂತ್ರವು ಎಲ್ಲವನ್ನೂ 0 ಮತ್ತು 1 ಎಂಬ ಎರಡೇ ಅಂಕೆಗಳಲ್ಲಿ ಬರೆದುಕೊಳ್ಳುತ್ತದೆಂಬುದನ್ನು ವಾಚಕರು ಬಲ್ಲರು. ಇಂಥ ಒಂದು ಅಂಕೆಗೆ ಬಿಟ್ ಎಂದು ಹೆಸರು. ಆದರೆ ಎಷ್ಟು ಬಿಟ್‌ಗಳನ್ನು ಒಂದು ಕಂತೆ ಕಟ್ಟಬೇಕೆಂಬುದರಲ್ಲಿ ಒಮ್ಮತವಿರಲಿಲ್ಲ. ಟೇಲರನ ಪ್ರಶ್ನೆಯ ಫಲವಾಗಿ 1969ರಲ್ಲಿ ಮೊದಲು ಜೋಡಿಸಲ್ಪಟ್ಟ ನಾಲ್ಕು ಯಂತ್ರಗಳನ್ನೇ ನೋಡಿ. ಲಾಸ್ ಏಂಜಲೀಸಿನ ಸಿಗ್ಮಾ-7 ಯಂತ್ರವೂ ಸಾಂಟಾ ಬಾರ್ಬರಾದ ಐ.ಬಿ.ಎಂ. 360/75 ಯಂತ್ರವೂ 32 ಬಿಟ್‌ಗಳ ಕಂತೆಯನ್ನು ಬಳಸಿದರೆ, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಎಸ್.ಡಿ.ಎಸ್. 940 ಯಂತ್ರದ್ದು 24, ಯೂಟಾ ವಿಶ್ವವಿದ್ಯಾನಿಲಯದ ಪಿ.ಡಿ.ಪಿ.-10 ಯಂತ್ರದ್ದು 36. ಸೇರು, ಪಾವುಗಳ ಅಳತೆ ಊರೂರಿಗೆ ಬದಲಾಗುತ್ತಿದ್ದ ಹಳೆಯ ಸಂತೆಗಳನ್ನು ಇದು ನೆನಪಿಗೆ ತರುತ್ತದೆ.

1967ರಲ್ಲಿ ಮಿಷಿಗನ್ನಿನ ಆ್ಯನ್ ಆರ್ಬರಿನಲ್ಲಿ ನಡೆದ ಸಭೆಯಲ್ಲಿ ವಿಶ್ವವಿದ್ಯಾನಿಲಯದವರು ಈ ಯೋಜನೆಗೆ ಒಪ್ಪಲಿಲ್ಲ. ತಮ್ಮ ಅಮೂಲ್ಯ ಯಂತ್ರದ ಹೊತ್ತನ್ನು ಪರರ ಸಂದೇಶಗಳನ್ನು ಸಾಗಿಸಲು ವ್ಯಯಮಾಡುವುದೇ ಎಂಬುದು ಅವರ ಅಳುಕು. ಅದು ನ್ಯಾಯವಾದ ಅಳುಕೇ. ವೆಸ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರವನ್ನು ಸೂಚಿಸಿದನು: ದೊಡ್ಡ ಯಂತ್ರಗಳಿಗೆ ಕೈ ಹಚ್ಚುವುದು ಬೇಡ, ಪ್ರತಿಯೊಂದರ ಪಕ್ಕದಲ್ಲಿಯೂ ಒಂದೊಂದು ಚಿಕ್ಕ ಗಣಕಯಂತ್ರವನ್ನಿಡೋಣ, ಈ ಚಿಕ್ಕವೆಲ್ಲ ಒಂದೇ ಜಾತಿಯವಾಗಿರಲಿ, ಅವು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲಿ, ದೊಡ್ಡ ಯಂತ್ರವು ತನ್ನ ಮಗ್ಗುಲಿನ ಚಿಕ್ಕ ಯಂತ್ರದೊಡನೆ ಮಾತನಾಡುವುದನ್ನು ಕಲಿತರೆ ಸಾಕು. ಈ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣತನದ ಮಾತು ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ಹನಿವೆಲ್ ಕಂಪೆನಿಯ ಡಿ.ಡಿ.ಪಿ.-516 ಎಂಬ ಯಂತ್ರವನ್ನು ಮಾರ್ಪಡಿಸಿ ಈ ಮಧ್ಯಸ್ಥ ಯಂತ್ರವನ್ನು ರಚಿಸಲಾಯಿತು. ಅದಕ್ಕೆ ‘ಇಂಪ್’ ಎಂದು ಹೆಸರು. ಕಂತೆಗಳ ಅಳತೆ ಹೊಂದದಿದ್ದಾಗ ಅದು ಮಾಡುತ್ತಿದ್ದ ಉಪಾಯ ಸ್ವಾರಸ್ಯವಾದುದು. ಸಂದೇಶ ಮುಗಿದೊಡನೆ ಒಂದು 1ನ್ನೂ, ಅದರ ಹಿಂದೆ ಕಂತೆ ತುಂಬುವಷ್ಟು 0ಗಳನ್ನೂ ಸೇರಿಸುವುದು. ಕೊನೆಯಿಂದ ಹಿಂದಕ್ಕೆ ನೋಡುತ್ತ ಬಂದು, ಮೊದಲು ಸಿಕ್ಕಿದ 1ರವರೆಗಿನದನ್ನು ತೆಗೆದುಹಾಕಿದರೆ ಉಳಿದುದೇ ಸಂದೇಶ!

1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಸ್ಥೆಗೆ ಪ್ರಥಮ ಸಂದೇಶವನ್ನು ಕಳುಹಿಸುವ ಪ್ರಯತ್ನ ನಡೆಯಿತು. ‘ಲಾಗಿನ್’ ಎಂಬ ಆಜ್ಞೆಯ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒತ್ತಲಾಯಿತು. ಎಲ್ ತಲಪಿತು, ಓ ತಲಪಿತು, ಜಿ ಒತ್ತಿದೊಡನೆ ಆಚೆಯ ಯಂತ್ರ ನಿಂತುಹೋಯಿತು. ದೋಷವನ್ನು ತಿದ್ದಿ, ಸುಮಾರು ಒಂದು ಗಂಟೆಯ ಅನಂತರ ಸಂಪರ್ಕವನ್ನು ಸಾಧಿಸಿದರು.

ಆದರೆ ಓಲೆಕಾರನು ಓಲೆಯನ್ನು ತಲಪಿಸಬಲ್ಲನೇ ಹೊರತು ಅದನ್ನು ಓದಿ ಹೇಳಲಾರನು. ಬಿಟ್‌ಗಳು ಕ್ಷೇಮವಾಗಿ ಬಂದರೂ ಅವುಗಳ ಅರ್ಥವೇನು? ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಆಸ್ಕಿ ಎಂಬ ಸಂಕೇತಪದ್ಧತಿಯಲ್ಲಿ 65 ಎಂಬ ಸಂಖ್ಯೆ, ಐ.ಬಿ.ಎಂ.ನವರ ಎಬ್ಸಿಡಿಕ್ ಪದ್ಧತಿಯಲ್ಲಿ 193. ಅಷ್ಟೇ ಅಲ್ಲ, ಎರಡನೆಯದರಲ್ಲಿ ‘ಐ’ 201 ಆದರೆ ಅದರ ಮುಂದಿನ ‘ಜೆ’ 209. ರಂಧ್ರ ಕೊರೆದ ಕಾರ್ಡುಗಳ ಕಾಲದಿಂದ ಬಂದ ಬಳುವಳಿ ಇದು. ಎಲ್ಲಕ್ಕೂ ಒಂದೇ ಸಂಖ್ಯೆಯನ್ನು ಕೂಡಿಸಿ ಅನುವಾದಿಸುವಂತಿಲ್ಲ. ಪೂರ್ಣ ಪಟ್ಟಿಯೇ ಬೇಕು. ಈ ಕಷ್ಟ ಕನ್ನಡಿಗರಿಗೂ ಹೊಸತಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಒಂದೊಂದು ಅಕ್ಷರಶೈಲಿಗೂ ಅದರದೇ ಸಂಕೇತವಿದ್ದುದರಿಂದ, ಒಂದರಲ್ಲಿ ಅಚ್ಚಾದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳೇ ಕಾಣಿಸುತ್ತಿದ್ದುವು. ಈಗ ಯೂನಿಕೋಡಿನಲ್ಲಿ ‘ಕ’ಕಾರಕ್ಕೆ ಎಲ್ಲೆಲ್ಲಿಯೂ 3221 ಎಂಬ ಒಂದೇ ಸಂಖ್ಯೆ.

ಇಂಥ ಸರ್ವಸಮ್ಮತವಾದ ನಡುಭಾಷೆಯ ಲಾಭವನ್ನು ಲೆಕ್ಕದಿಂದ ತಿಳಿಯಬಹುದು. ಹತ್ತು ಬಗೆಯ ಯಂತ್ರಗಳಿದ್ದು, ಪ್ರತಿಯೊಂದೂ ಉಳಿದ ಒಂಬತ್ತರೊಡನೆ ನೇರವಾಗಿ ಮಾತನಾಡಬೇಕಾದರೆ 90 ಅನುವಾದಗಳು ಬೇಕು. ನಡುಭಾಷೆಯೊಂದಿದ್ದರೆ, ಅದಕ್ಕೆ ಹೋಗಲು ಹತ್ತು, ಅದರಿಂದ ಬರಲು ಹತ್ತು, ಒಟ್ಟು 20 ಸಾಕು. 1970ರ ದಶಕದ ಆದಿಯಲ್ಲಿ ಟೆಲ್ನೆಟ್ ಎಂಬ ವ್ಯವಸ್ಥೆಯನ್ನು ರೂಪಿಸಿದವರು ಇದನ್ನೇ ಮಾಡಿದರು. ಎಲ್ಲಿಯೂ ಇಲ್ಲದ ಕಾಲ್ಪನಿಕ ಬೆರಳಚ್ಚು ಸಾಧನವೊಂದನ್ನು ಅವರು ನಿರೂಪಿಸಿದರು. ಪ್ರತಿಯೊಂದು ಯಂತ್ರವೂ ತಾನು ಮಾತನಾಡುತ್ತಿರುವುದು ಅದರೊಡನೆಯೇ ಎಂದು ಭಾವಿಸಿಕೊಂಡರಾಯಿತು.

ಹೀಗೆ ನಡುವೆ ನಿಲ್ಲುವ ತಂತ್ರಾಂಶಕ್ಕೆ ಇಂದು ‘ಮಿಡ್ಲ್‌ವೇರ್’ ಎನ್ನುತ್ತಾರೆ. ಈ ಶಬ್ದ 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ಸಮ್ಮೇಳನದ ವರದಿಯಲ್ಲಿಯೇ ಕಾಣಬರುತ್ತದೆ. ಹಳೆಯ ಯಂತ್ರಗಳನ್ನು ಎಸೆದು ಹೊಸತನ್ನು ಕೊಂಡರಾಗದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬ್ಯಾಂಕೊಂದರ ಹಳೆಯ ವ್ಯವಸ್ಥೆಯಲ್ಲಿ ಹಲವು ದಶಕಗಳ ಬಡ್ಡಿಯ ನಿಯಮಗಳೂ ವಿನಾಯಿತಿಗಳೂ ಅಡಗಿರುತ್ತವೆ; ಬರೆದವರು ಎಂದೋ ನಿವೃತ್ತರಾಗಿರುತ್ತಾರೆ. 2018ರ ಏಪ್ರಿಲಿನಲ್ಲಿ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕು ತನ್ನ ಸುಮಾರು 50 ಲಕ್ಷ ಗ್ರಾಹಕರ ಲೆಕ್ಕಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ, ಲಕ್ಷಾಂತರ ಮಂದಿ ತಮ್ಮದೇ ಹಣವನ್ನು ಮುಟ್ಟಲಾರದೆ ಪರದಾಡಿದರು. 2022ರಲ್ಲಿ ಅದಕ್ಕೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಮೀರಿದ ದಂಡ ಬಿದ್ದಿತು. ಆದುದರಿಂದ ಹಳೆಯದನ್ನು ಅಲುಗಿಸದೆ ಅದರ ಮುಂದೆ ದುಭಾಷಿಯೊಬ್ಬನನ್ನು ನಿಲ್ಲಿಸುವುದೇ ಅನೇಕರಿಗೆ ಮೇಲೆನಿಸುತ್ತದೆ.

ಈ ದುಭಾಷಿ ಕೆಲವೊಮ್ಮೆ ವೇಷವನ್ನೂ ಹಾಕುತ್ತಾನೆ. ಐ.ಬಿ.ಎಂ. 1971ರಲ್ಲಿ ಹೊರತಂದ 3270 ಎಂಬ ಜಾತಿಯ ಪರದೆಗಳಲ್ಲಿ ಸಾಮಾನ್ಯವಾಗಿ 24 ಸಾಲುಗಳು, ಸಾಲಿಗೆ 80 ಅಕ್ಷರಗಳು. ಅಂಥ ಪರದೆಯ ಮುಂದೆ ಕುಳಿತ ಗುಮಾಸ್ತನಂತೆ ತಂತ್ರಾಂಶವೇ ನಟಿಸಿ, ಇಂತಿಷ್ಟನೆಯ ಸಾಲಿನ ಇಂತಿಷ್ಟನೆಯ ಅಕ್ಷರದಿಂದ ಉಳಿಕೆಯ ಮೊಬಲಗನ್ನು ಓದಿಕೊಳ್ಳುತ್ತದೆ. ಹಳೆಯ ಯಂತ್ರಕ್ಕೆ ಇದರ ಸುಳಿವೇ ಇಲ್ಲ! ಯಾರಾದರೂ ಪರದೆಯ ವಿನ್ಯಾಸವನ್ನು ಒಂದು ಅಕ್ಷರದಷ್ಟು ಸರಿಸಿದರೆ ಮಾತ್ರ ಅನರ್ಥ.

ಇದಕ್ಕಿಂತ ಭದ್ರವಾದ ಮಾರ್ಗ ರಿಜಿಸ್ಟರ್ಡ್ ಅಂಚೆಯದು. ಸಂದೇಶವನ್ನು ಮೊದಲು ತನ್ನ ಶಾಶ್ವತ ಸ್ಮರಣೆಯಲ್ಲಿ ಬರೆದಿಟ್ಟುಕೊಂಡು, ಆಚೆಯ ಯಂತ್ರದಿಂದ ಸ್ವೀಕೃತಿ ಬರುವವರೆಗೂ ಮಧ್ಯಸ್ಥನು ಅದನ್ನು ಅಳಿಸುವುದಿಲ್ಲ. ಬಾರದಿದ್ದರೆ ಮತ್ತೆ ಕಳುಹಿಸುತ್ತಾನೆ. ಇಲ್ಲೊಂದು ತೊಡಕು. ನೂರು ರೂಪಾಯಿ ಕೊಡಬೇಕೆಂಬ ಆಜ್ಞೆ ತಲಪಿ, ಅದರ ಸ್ವೀಕೃತಿ ಮಾತ್ರ ದಾರಿಯಲ್ಲಿ ಕಳೆದುಹೋದರೆ? ಎರಡನೆಯ ಸಲ ಕಳುಹಿಸಿದಾಗ ಇನ್ನೂ ನೂರು ರೂಪಾಯಿ ಹೋಗಿಬಿಡುತ್ತದೆ. ಅದಕ್ಕಾಗಿಯೇ ಪ್ರತಿಯೊಂದು ಸಂದೇಶಕ್ಕೂ ಒಂದು ಸಂಖ್ಯೆ. ಕಂಡ ಸಂಖ್ಯೆಯೇ ಮತ್ತೆ ಬಂದರೆ, ಕೆಲಸವನ್ನು ಮಾಡದೆ ಸ್ವೀಕೃತಿಯನ್ನಷ್ಟೇ ಮತ್ತೆ ಕಳುಹಿಸತಕ್ಕದ್ದು.

ಇಷ್ಟೆಲ್ಲ ಇದ್ದರೂ ದುಭಾಷಿಯು ತಿದ್ದಲಾರದ ಒಂದು ಬಗೆಯ ತಪ್ಪು ಉಂಟು. 1998ರ ಡಿಸೆಂಬರಿನಲ್ಲಿ ಅಮೆರಿಕದವರು ಮಂಗಳಗ್ರಹದ ಹವೆಯನ್ನು ಅಭ್ಯಸಿಸಲು ನೌಕೆಯೊಂದನ್ನು ಹಾರಿಸಿದರು. ದಾರಿಯಲ್ಲಿ ಅದರ ಚಿಕ್ಕ ರಾಕೆಟ್ಟುಗಳು ಉರಿದಾಗಲೆಲ್ಲ ನೌಕೆಗೆ ದೊರೆತ ತಳ್ಳಿಕೆಯನ್ನು ಭೂಮಿಯ ಮೇಲಿನ ಒಂದು ತಂತ್ರಾಂಶ ಗಣಿಸಿ, ಪಥವನ್ನು ಲೆಕ್ಕಹಾಕುವವರಿಗೆ ಒದಗಿಸುತ್ತಿತ್ತು. ಸಂಖ್ಯೆಗಳು ಒಂದೂ ಕೆಡದೆ ತಲಪಿದುವು. ಆದರೆ ಕೊಟ್ಟವರ ಅಳತೆ ಪೌಂಡ್-ಸೆಕೆಂಡ್. ಪಡೆದವರು ಓದಿಕೊಂಡುದು ನ್ಯೂಟನ್-ಸೆಕೆಂಡ್ ಎಂದು. ಒಂದು ಪೌಂಡಿನ ಬಲ 4.45 ನ್ಯೂಟನ್ನಿಗೆ ಸಮ. ಒಂಬತ್ತು ತಿಂಗಳು ಆ ಅಂತರ ಸ್ವಲ್ಪಸ್ವಲ್ಪವಾಗಿ ಕೂಡುತ್ತ ಹೋಯಿತು. ಮಂಗಳದ ನೆಲದಿಂದ ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆಯು 1999ರ ಸೆಪ್ಟೆಂಬರ್ 23ರಂದು ಸುಮಾರು 57 ಕಿಲೋಮೀಟರಿಗೆ ಇಳಿದು, ಗ್ರಹದ ಹಿಂದೆ ಮರೆಯಾಯಿತು. ಅಲ್ಲಿಂದ ಮುಂದೆ ಅದರ ಸಂಕೇತ ಕೇಳಿಬರಲಿಲ್ಲ.