ಚುಕ್ಕೆಗಳ ಚೌಕದಲ್ಲಿ ಕನ್ನಡ ಲಿಪಿ: ಕಾಗುಣಿತ ಮತ್ತು ಒತ್ತಕ್ಷರಗಳ ವಿನ್ಯಾಸ

ಕನ್ನಡ ಲಿಪಿಯ ಅಧ್ಯಯನವು ಬಹುಮಟ್ಟಿಗೆ ಮೂರು ಮಾಧ್ಯಮಗಳನ್ನು ಆಧರಿಸಿ ನಡೆದಿದೆ: ಶಾಸನದ ಕಲ್ಲು, ತಾಳೆಯ ಗರಿ ಮತ್ತು ಅಚ್ಚಿನ ಮೊಳೆ. ಕಲ್ಲು ಅಕ್ಷರಕ್ಕೆ ಆಳವನ್ನು ಕೊಟ್ಟಿತು, ಗರಿಯು ದುಂಡನ್ನು ಕೊಟ್ಟಿತು, ಮೊಳೆಯು ಏಕರೂಪತೆಯನ್ನು ಕೊಟ್ಟಿತು. ಕಳೆದ ನಾಲ್ಕು ದಶಕಗಳಲ್ಲಿ ಇವುಗಳ ಜೊತೆಗೆ ನಾಲ್ಕನೆಯ ಮಾಧ್ಯಮವೊಂದು ಸೇರಿಕೊಂಡಿದೆ. ಅದು ಚುಕ್ಕೆ. ಗಣಕದ ಪರದೆಯಲ್ಲಿ, ಸೂಜಿ ಮುದ್ರಕದಲ್ಲಿ, ಬಸ್ಸಿನ ಹಣೆಯ ಮೇಲಿನ ದೀಪಫಲಕದಲ್ಲಿ, ನಿರ್ವಾಹಕರ ಕೈಯ ಟಿಕೆಟ್ ಯಂತ್ರದಲ್ಲಿ ಅಕ್ಷರವು ಗೆರೆಯಾಗಿ ಮೂಡುವುದಿಲ್ಲ. ಚೌಕದ ಮನೆಗಳಲ್ಲಿ ಕೆಲವು ತುಂಬಿ ಕೆಲವು ಖಾಲಿ ಉಳಿಯುವುದರಿಂದ ಮೂಡುತ್ತದೆ. ಹೀಗೆ ಪ್ರತಿಯೊಂದು ಅಕ್ಷರರೂಪವನ್ನೂ ಚುಕ್ಕೆಗಳ ನಕ್ಷೆಯಾಗಿ ಸಂಗ್ರಹಿಸಿಡುವ ಅಕ್ಷರಮಾಲೆಯನ್ನು ಬಿಟ್‌ಮ್ಯಾಪ್ ಫಾಂಟ್ ಎನ್ನುತ್ತಾರೆ.

ಈ ಮಾಧ್ಯಮದಲ್ಲಿ ಕನ್ನಡದ ಕಾಗುಣಿತ ಚಿಹ್ನೆಗಳು ಮತ್ತು ಒತ್ತಕ್ಷರಗಳು ಒಡ್ಡುವ ಸಮಸ್ಯೆಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೇಲುನೋಟಕ್ಕೆ ಇದು ತಂತ್ರಜ್ಞರ ವಿಷಯವೆಂದು ತೋರಬಹುದು. ಆದರೆ ಚೌಕವು ಚಿಕ್ಕದಾದಾಗ ಅಕ್ಷರದ ಯಾವ ಅವಯವವನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬ ನಿರ್ಧಾರ ಲಿಪಿಶಾಸ್ತ್ರದ ನಿರ್ಧಾರವೇ ಆಗಿದೆ ಎಂಬುದು ಇಲ್ಲಿಯ ವಾದ. ನಿದರ್ಶನಗಳನ್ನು ಆದಷ್ಟು ಮಟ್ಟಿಗೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಸ್ಥಳನಾಮಗಳಿಂದ ಆರಿಸಲಾಗಿದೆ.

ಸಂಕೇತ ಮತ್ತು ರೂಪ

ಮೂಡಿಗೆರೆ ತಾಲ್ಲೂಕಿನ ಹೋಬಳಿಯಾದ 'ಗೋಣಿಬೀಡು' ಎಂಬ ಹೆಸರನ್ನು ಗಮನಿಸಬಹುದು. ಓದುಗನಿಗೆ ಇದು ನಾಲ್ಕು ಅಕ್ಷರಗಳ ಪದ. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಇದು ಎಂಟು ಸಂಕೇತಗಳ ಸರಣಿ: ಗಕಾರ ಮತ್ತು ಓತ್ವ, ಣಕಾರ ಮತ್ತು ಗುಡಿಸು, ಬಕಾರ ಮತ್ತು ಗುಡಿಸಿನ ದೀರ್ಘ, ಡಕಾರ ಮತ್ತು ಕೊಂಬು. ಅದೇ ವ್ಯವಸ್ಥೆಯು ಓತ್ವವನ್ನು ಎತ್ವ, ಕೊಂಬಿನ ಇಳಿ ಮತ್ತು ದೀರ್ಘ ಎಂಬ ಮೂರು ಚಿಹ್ನೆಗಳಾಗಿಯೂ, ಈಕಾರವನ್ನು ಗುಡಿಸು ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಬಿಡಿಸಲು ಅವಕಾಶ ಕೊಟ್ಟಿದೆ. ಹಾಗೆ ಬಿಡಿಸಿದರೆ 'ಗೋಣಿಬೀಡು' ಹನ್ನೊಂದು ಸಂಕೇತಗಳಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ, ಸಮೀಕರಿಸುವ ನಿಯಮವನ್ನು ಕೊಡದಿದ್ದರೆ, ಎರಡು ಬೇರೆ ಪದಗಳು.

ಇಲ್ಲಿಂದ ಒಂದು ಮುಖ್ಯ ಭೇದ ಹೊರಡುತ್ತದೆ. ಸಂಕೇತವೆಂಬುದು ಧ್ವನಿಕ್ರಮವನ್ನು ದಾಖಲಿಸುವ ಅಂಕಿ. ರೂಪವೆಂಬುದು ಕಣ್ಣಿಗೆ ಕಾಣುವ ಚಿತ್ರ. ರೋಮನ್ ಲಿಪಿಯಲ್ಲಿ ಇವೆರಡರ ನಡುವೆ ಬಹುತೇಕ ಒಂದಕ್ಕೊಂದು ಎಂಬ ಸಂಬಂಧವಿದೆ. ಬ್ರಾಹ್ಮೀಮೂಲದ ಲಿಪಿಗಳಲ್ಲಿ ಅದು ಇಲ್ಲ. 1991ರ ಇಸ್ಕಿ ಮಾನಕವೂ, ಅದೇ ವರ್ಷ ಮೊದಲ ಆವೃತ್ತಿ ಕಂಡ ಯೂನಿಕೋಡೂ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವನ್ನು ಕೊಡಲಿಲ್ಲ. ವ್ಯಂಜನದ ಮುಂದೆ ಹಲಂತ, ಅದರ ಮುಂದೆ ಮತ್ತೊಂದು ವ್ಯಂಜನ ಬಂದರೆ ಒತ್ತಾಗಿ ತೋರಿಸುವುದು ಫಾಂಟಿನ ಹೊಣೆ ಎಂದು ಬಿಟ್ಟವು.

ಇದಕ್ಕೆ ಭಿನ್ನವಾದ ದಾರಿಯೂ ಕನ್ನಡದಲ್ಲಿ ಇತ್ತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು ಸಂಕೇತಗಳನ್ನು ಧ್ವನಿಗೆ ಕೊಡದೆ ರೂಪದ ತುಂಡುಗಳಿಗೆ ಕೊಟ್ಟವು. ಅವುಗಳಲ್ಲಿ 'ಕನ್ನಡ' ಎಂಬ ಪದಕ್ಕೆ ಏಳು ಸಂಕೇತಗಳು ಬೇಕು: ತಲೆಕಟ್ಟಿಲ್ಲದ ಮೂರು ವ್ಯಂಜನಗಳು, ಮೂರು ತಲೆಕಟ್ಟುಗಳು, ಒಂದು ನಕಾರದ ಒತ್ತು. ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದು ಸಂಕೇತಗಳು ಸಾಕು. ಮೊದಲನೆಯದು ಅಚ್ಚುಮೊಳೆ ಜೋಡಿಸುವವನ ದೃಷ್ಟಿ, ಎರಡನೆಯದು ವ್ಯಾಕರಣಕಾರನ ದೃಷ್ಟಿ ಎನ್ನಬಹುದು.

ನುಡಿಯ ಫಾಂಟುಗಳು ತಲೆಕಟ್ಟನ್ನು ಬೇರ್ಪಡಿಸಿದ್ದಕ್ಕೆ ಸ್ಪಷ್ಟವಾದ ಕಾರಣವಿದೆ. ಕನ್ನಡದಲ್ಲಿ ಗುಡಿಸು ಮತ್ತು ಎತ್ವಗಳು ತಲೆಕಟ್ಟಿನ ಮೇಲೆ ಕೂರುವುದಿಲ್ಲ; ತಲೆಕಟ್ಟನ್ನು ತೆಗೆದು ಅದರ ಸ್ಥಾನದಲ್ಲಿ ಕೂರುತ್ತವೆ. ಕಕಾರದ ಚಿತ್ರದ ಮೇಲೆ ಗುಡಿಸಿನ ಚಿತ್ರವನ್ನು ಹಾಗೆಯೇ ಹೇರಿದರೆ ತಲೆಕಟ್ಟೂ ಗುಡಿಸೂ ಒಟ್ಟಿಗೆ ಕಾಣುವ ವಿಕಾರರೂಪವೊಂದು ಹುಟ್ಟುತ್ತದೆಯೇ ಹೊರತು 'ಕಿ' ಹುಟ್ಟುವುದಿಲ್ಲ. ಆದ್ದರಿಂದ ಚುಕ್ಕೆಯ ಫಾಂಟನ್ನು ರಚಿಸುವವರು ಮೊದಲು ಮಾಡಬೇಕಾದ ಕೆಲಸ ವರ್ಣಮಾಲೆಯನ್ನು ಬರೆಯುವುದಲ್ಲ, ಅದನ್ನು ಅವಯವಗಳಾಗಿ ಬಿಡಿಸುವುದು.

ಮೂರು ಅಂತಸ್ತುಗಳು

ಕನ್ನಡದ ಒಂದು ಅಕ್ಷರಕ್ಕೆ ಮೂರು ಅಂತಸ್ತುಗಳಿವೆ. ಮೇಲೆ ತಲೆಕಟ್ಟು, ಗುಡಿಸು, ಎತ್ವಗಳ ನೆಲೆ; ನಡುವೆ ವ್ಯಂಜನದ ಒಡಲು; ಕೆಳಗೆ ಒತ್ತಿನ ನೆಲೆ. 'ಕೊಟ್ಟಿಗೆಹಾರ'ದ 'ಟ್ಟಿ' ಈ ಮೂರನ್ನೂ ಒಮ್ಮೆಗೇ ಬಳಸುತ್ತದೆ. 24 ಸೂಜಿಗಳ ಮುದ್ರಕವು ಒಂದೇ ಓಟದಲ್ಲಿ 24 ಸಾಲು ಚುಕ್ಕೆಗಳನ್ನು ಒತ್ತಬಲ್ಲದು. ಆ 24 ಸಾಲುಗಳನ್ನು ಮೇಲಿನ ಚಿಹ್ನೆಗೆ 4, ಒಡಲಿಗೆ 11, ಒತ್ತಿಗೆ 8, ಎರಡು ಪಂಕ್ತಿಗಳ ನಡುವಣ ಬಿಡುವಿಗೆ 1 ಎಂದು ಹಂಚಬಹುದು. ಇದರಲ್ಲಿ ಕನ್ನಡ ಬಹುಮಟ್ಟಿಗೆ ನೆಮ್ಮದಿಯಾಗಿ ಕೂರುತ್ತದೆ. 16 ಸಾಲುಗಳ ಚೌಕದಲ್ಲಿ ಅದೇ ಹಂಚಿಕೆ 3, 7, 5, 1 ಎಂದಾಗುತ್ತದೆ. 9 ಸೂಜಿಗಳ ಮುದ್ರಕವಾದರೆ ಒಂದೇ ಓಟದಲ್ಲಿ ಮೂರು ಅಂತಸ್ತುಗಳನ್ನು ಮುಗಿಸಲಾರದು. ಕಾಗದವನ್ನು ಸರಿಸಿ ಮತ್ತೆ ಓಡಬೇಕು.

ಸಾಲುಗಳ ಲೆಕ್ಕದ ಹಿಂದೆ ಸರಳವಾದ ಒಂದು ನಿಯಮವಿದೆ. ಒಂದರ ಕೆಳಗೊಂದು ಬರುವ ಎರಡು ಗೆರೆಗಳು ಬೇರೆಯಾಗಿ ಕಾಣಬೇಕಾದರೆ ನಡುವೆ ಒಂದು ಖಾಲಿ ಸಾಲಾದರೂ ಇರಬೇಕು. ಅಂದರೆ ಎರಡು ಗೆರೆಗಳಿಗೆ 3 ಸಾಲು, ಮೂರಕ್ಕೆ 5, ನಾಲ್ಕಕ್ಕೆ 7. ಠಕಾರವನ್ನು ತೆಗೆದುಕೊಳ್ಳೋಣ. ಬಳೆಯ ಮೇಲಂಚು, ಬಿಡುವು, ಒಳಚುಕ್ಕೆ, ಬಿಡುವು, ಕೆಳಅಂಚು ಸೇರಿ 5 ಸಾಲು. ಮೇಲೆ ತಲೆಕಟ್ಟು ಮತ್ತು ಅದರ ಕೆಳಗಿನ ಬಿಡುವು ಸೇರಿದರೆ 7. ತಲೆಕಟ್ಟನ್ನೂ ಒಡಲಿನ ಲೆಕ್ಕದಲ್ಲೇ ಹಿಡಿದರೆ 7 ಸಾಲುಗಳಲ್ಲಿ ಠಕಾರ ಸರಿಯಾಗಿ ಹಿಡಿಸುತ್ತದೆ. ಒಂದು ಸಾಲು ಕಡಿಮೆಯಾದರೂ ಒಳಚುಕ್ಕೆ ಅಂಚಿಗೆ ಅಂಟಿಕೊಳ್ಳುತ್ತದೆ. ಥಕಾರಕ್ಕೆ ಒಳಚುಕ್ಕೆಯ ಜೊತೆಗೆ ಒಡಲಿನ ಕೆಳಗೆ ಸೀಳುಗೆರೆಯೂ ಬೇಕು. ಅದಕ್ಕೆ ಒತ್ತಿನ ಅಂತಸ್ತಿನಿಂದ ಒಂದು ಸಾಲನ್ನು ಎರವಲು ಪಡೆಯದೆ ಗತ್ಯಂತರವಿಲ್ಲ. ಆ ಅಕ್ಷರಕ್ಕೆ ಒತ್ತೂ ಬಂದರೆ ಒತ್ತನ್ನು ಬಲಕ್ಕೆ ಸರಿಸಬೇಕಾಗುತ್ತದೆ.

ಯಾವ ಚುಕ್ಕೆ ಅರ್ಥಭೇದಕ?

ಧ್ವನಿಶಾಸ್ತ್ರದಲ್ಲಿ ಅರ್ಥಭೇದಕ ಧ್ವನಿಯನ್ನು ಗುರುತಿಸಲು ಕನಿಷ್ಠ ಜೋಡಿಗಳನ್ನು ಬಳಸುತ್ತೇವೆ. ಚುಕ್ಕೆಗಳ ಚೌಕಕ್ಕೂ ಅದೇ ಪರೀಕ್ಷೆ ಅನ್ವಯಿಸುತ್ತದೆ. ಒಳಚುಕ್ಕೆ ಅಳಿದರೆ 'ಮಠ' ಎಂಬುದು 'ಮರ' ಆಗುತ್ತದೆ, 'ಹಠ' ಎಂಬುದು 'ಹರ' ಆಗುತ್ತದೆ. ಪಕಾರ ವಕಾರಗಳಿಗೆ ಕೊಂಬು ಬಲಕ್ಕೆ ಬಾರದೆ ಕೆಳಗೆ ಇಳಿಯುತ್ತದೆ. ಏಕೆಂದರೆ ವಕಾರದ ಬಲಕ್ಕೆ ಕೊಕ್ಕೆ ಸೇರಿದರೆ ಅದು ಮಕಾರವೇ ಆಗಿಬಿಡುತ್ತದೆ. ಸಣ್ಣ ಚೌಕದಲ್ಲಿ ಸ್ಥಳಾಭಾವದಿಂದ ಕೊಂಬನ್ನು ಒಂದೆರಡು ಸಾಲು ಮೇಲೆತ್ತಿದರೆ 'ನಾವು' ಎಂಬ ಸರ್ವನಾಮ 'ನಾಮ' ಎಂದು ಓದಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದುದು ಒತ್ತಿನ ಅಂತಸ್ತಿನಲ್ಲಿ ದಕಾರ ಧಕಾರಗಳ ಭೇದ. 5 ಸಾಲುಗಳ ಒತ್ತಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಒಂದೇ ಒಂದು ಚುಕ್ಕೆ. 'ಶುದ್ಧ' ಎಂಬಲ್ಲಿ ಆ ಚುಕ್ಕೆ ಅಳಿದರೂ ಓದುಗನು ಭಾಷಾಜ್ಞಾನದಿಂದ ತಿದ್ದಿಕೊಳ್ಳುತ್ತಾನೆ. ಆದರೆ 'ಸಿದ್ದಪ್ಪ', 'ಸಿದ್ಧಪ್ಪ' ಎಂಬ ಎರಡು ರೂಪಗಳೂ ವ್ಯಕ್ತಿನಾಮಗಳಾಗಿ ಬಳಕೆಯಲ್ಲಿವೆ. ಯಾವುದು ಸರಿ ಎಂದು ನಿಘಂಟು ಹೇಳಲಾರದು, ದಾಖಲೆಯೇ ಹೇಳಬೇಕು. ಪಹಣಿಯಲ್ಲಿ ಒಂದು, ಬ್ಯಾಂಕಿನ ಪಾಸುಪುಸ್ತಕದಲ್ಲಿ ಮತ್ತೊಂದು ಎಂದಾದಾಗ ತೋಟದ ಮಾಲೀಕನಾಗಲಿ ಕೂಲಿಕಾರನಾಗಲಿ ಎರಡೂ ಹೆಸರು ತನ್ನದೇ ಎಂದು ಪ್ರಮಾಣಪತ್ರ ಒದಗಿಸಬೇಕಾಗುತ್ತದೆ. ಮುದ್ರಿತ ಪ್ರತಿಯನ್ನು ನೋಡಿ ಇನ್ನೊಂದು ಕಡತಕ್ಕೆ ನಕಲು ಮಾಡಿಕೊಳ್ಳುವ ಪದ್ಧತಿ ಇರುವೆಡೆ ಆ ಒಂದು ಚುಕ್ಕೆಯ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 'ಸ್ಥಳ', 'ಸ್ಥಾನ' ಮೊದಲಾದ ಪದಗಳಲ್ಲಿ ಸಕಾರದ ಕೆಳಗೆ ಥಕಾರದ ಒತ್ತು ಬರುತ್ತದೆ. ಕನ್ನಡದ ಪದಕೋಶದಲ್ಲಿ ಸಕಾರಕ್ಕೆ ಧಕಾರ ಒತ್ತಾಗುವುದು ಇಲ್ಲವೆನ್ನುವಷ್ಟು ವಿರಳ. ಆದ್ದರಿಂದ ಅಲ್ಲಿ ಥಕಾರದ ಒಳಚುಕ್ಕೆಯನ್ನು ಕೈಬಿಟ್ಟರೂ ಅರ್ಥಕ್ಕೆ ಹಾನಿಯಿಲ್ಲ. ಹೀಗೆ ಒಂದೇ ಅವಯವ ಒಂದು ಪರಿಸರದಲ್ಲಿ ಅನಿವಾರ್ಯ, ಮತ್ತೊಂದರಲ್ಲಿ ಐಚ್ಛಿಕ. ಯಾವ ವ್ಯಂಜನಕ್ಕೆ ಯಾವುದು ಒತ್ತಾಗಿ ಬರಬಲ್ಲದು, ಎಲ್ಲಿ ಪ್ರತಿಸ್ಪರ್ಧಿ ರೂಪವಿದೆ ಎಂಬುದನ್ನು ಬಲ್ಲವರು ಭಾಷಾಭ್ಯಾಸಿಗಳೇ ಹೊರತು ಚೌಕವನ್ನು ತುಂಬುವ ತಂತ್ರಜ್ಞರಲ್ಲ.

ಸಂಗ್ರಹವೋ ಜೋಡಣೆಯೋ?

ಪ್ರತಿಯೊಂದು ಸಂಯುಕ್ತಾಕ್ಷರವನ್ನೂ ಪೂರ್ತಿಯಾಗಿ ಬಿಡಿಸಿ ಸಂಗ್ರಹಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಸಾಂಪ್ರದಾಯಿಕ ಎಣಿಕೆಯಂತೆ 34 ವ್ಯಂಜನಗಳು, 13 ಸ್ವರಗಳು. ಒತ್ತಿಲ್ಲದ ಗುಣಿತಾಕ್ಷರಗಳೇ 442. ಒಂದು ಒತ್ತು ಸೇರಿದರೆ ಗಣಿತದ ಸಾಧ್ಯತೆ 15,028. 24 ಸಾಲು, 24 ಕಂಬಗಳ ಚೌಕಕ್ಕೆ 72 ಬೈಟ್ ಬೇಕು. ಒಟ್ಟು ಹತ್ತು ಲಕ್ಷ ಬೈಟಿಗೂ ಹೆಚ್ಚು. ಇಂದಿನ ಗಣಕಕ್ಕೆ ಇದು ಏನೂ ಅಲ್ಲ. ಆದರೆ 1980ರ ದಶಕದ ಯಂತ್ರಗಳಿಗೆ ಅಸಾಧ್ಯವಾಗಿತ್ತು, ಚಿಕ್ಕ ದೀಪಫಲಕದ ನಿಯಂತ್ರಕಕ್ಕೆ ಇಂದೂ ಭಾರವೇ. ಇದಕ್ಕಿಂತ ದೊಡ್ಡ ತೊಡಕು, ಅಷ್ಟು ರೂಪಗಳನ್ನು ಒಬ್ಬೊಬ್ಬರೇ ಕೂತು ಬಿಡಿಸಿ, ಪರಿಶೀಲಿಸುವುದು. ಒಡಲು, ಒತ್ತು, ಚಿಹ್ನೆಗಳನ್ನು ಬೇರೆಬೇರೆ ಇಟ್ಟು ಜೋಡಿಸಿದರೆ ನೂರೈವತ್ತರ ಆಸುಪಾಸಿನ ರೂಪಗಳು ಸಾಕಾಗುತ್ತವೆ.

ಜೋಡಣೆಗೆ ಮೂರು ಬಗೆಯ ತಿಳಿವಳಿಕೆ ಬೇಕು. ಮೊದಲನೆಯದು ಸ್ಥಾನ. ಪ್ರತಿ ಒಡಲಿಗೂ ಗುಡಿಸು ಎಲ್ಲಿ ಅಂಟಬೇಕು, ಒತ್ತು ಯಾವ ಕಂಬದಿಂದ ತೊಡಗಬೇಕು ಎಂಬುದನ್ನು ಗುರುತಿಸಿಡಬೇಕು. ಎರಡನೆಯದು ಕ್ರಮ. 'ಸ್ತ್ರೀ' ಎಂಬಲ್ಲಿ ಸಂಕೇತಗಳ ಸಾಲಿನಲ್ಲಿ ಈಕಾರ ಕೊನೆಗೆ ಬರುತ್ತದೆ. ಕಣ್ಣಿಗೆ ಮಾತ್ರ ಅದು ಮೊದಲ ವ್ಯಂಜನವಾದ ಸಕಾರದ ನೆತ್ತಿಯ ಮೇಲಿದೆ. 'ಬಲ್ಲಾಳರಾಯನದುರ್ಗ'ದಲ್ಲಿ ರೇಫವನ್ನು ಗಕಾರಕ್ಕಿಂತ ಮೊದಲು ಉಚ್ಚರಿಸಿ ಅರ್ಕಾವೊತ್ತಾಗಿ ಅದರ ನಂತರ ಬರೆಯುತ್ತೇವೆ. ಮೂರನೆಯದು ಅಪವಾದ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲಾಕ್ಷರದ ಕಿರುರೂಪವಲ್ಲ, ಬೇರೆಯದೇ ಆಕಾರ. 'ಮಿ', 'ಯಿ' ಮೊದಲಾದವು ಸಾಮಾನ್ಯ ನಿಯಮಕ್ಕೆ ಒಗ್ಗದೆ ಪ್ರತ್ಯೇಕ ರೂಪವನ್ನೇ ಬೇಡುತ್ತವೆ.

ಈ ತಿಳಿವಳಿಕೆಯನ್ನು ಬಿಟ್ಟರೆ ಆಗುವುದೇನು ಎಂಬುದಕ್ಕೆ 1998ರಲ್ಲಿ ಆರಂಭವಾದ ಗ್ನೂ ಯೂನಿಫಾಂಟ್ ಉತ್ತಮ ನಿದರ್ಶನ. ಜಗತ್ತಿನ ಲಿಪಿಗಳನ್ನು 16 ಸಾಲುಗಳ ಚೌಕದಲ್ಲಿ ಅಳವಡಿಸುವ ಈ ಮುಕ್ತ ಅಕ್ಷರಮಾಲೆಯು ಪ್ರತಿ ಸಂಕೇತಕ್ಕೂ ಒಂದೇ ಚಿತ್ರವನ್ನು ಇಟ್ಟುಕೊಂಡಿದೆ. ಕನ್ನಡದ ಪ್ರತಿ ಚಿಹ್ನೆಯೂ ಅದರಲ್ಲಿದೆ. ಆದರೆ ಒತ್ತಕ್ಷರಗಳನ್ನು ಅದು ಸರಿಯಾಗಿ ಕೂಡಿಸಲಾರದು. ಲಿಪಿಯ ಎಲ್ಲ ಬಿಡಿಭಾಗಗಳಿದ್ದೂ ಲಿಪಿಯಿಲ್ಲದ ಸ್ಥಿತಿ ಇದು.

ಲಿಪಿಯ ಇತಿಹಾಸದ ಬೆಳಕಿನಲ್ಲಿ

ಕನ್ನಡ ಲಿಪಿ ಚಿಹ್ನೆಗಳನ್ನು ಬಿಟ್ಟಿದ್ದೂ ಪಡೆದದ್ದೂ ಇದೇ ಮೊದಲಲ್ಲ. ಹಳೆಯ ಶಾಸನಗಳು ಎಕಾರ ಏಕಾರಗಳನ್ನೂ ಒಕಾರ ಓಕಾರಗಳನ್ನೂ ಬರವಣಿಗೆಯಲ್ಲಿ ಬೇರ್ಪಡಿಸುತ್ತಿರಲಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಭಾಗದ ಶಾಸನಗಳನ್ನು ಒಳಗೊಂಡಿದೆ. ಅಂಥ ಸಂಪುಟಗಳನ್ನು ಓದುವಾಗ ದೀರ್ಘವನ್ನು ಅರ್ಥ ನೋಡಿ ತುಂಬಿಕೊಳ್ಳುವುದು ನಮಗೆ ರೂಢಿ. ಇಂದು 'ಗೋಣಿಬೀಡು' ಎಂಬುದರ ಓತ್ವದಲ್ಲಿರುವ ದೀರ್ಘ ಲಿಪಿಯು ನಂತರ ಗಳಿಸಿಕೊಂಡ ಸ್ಪಷ್ಟತೆ. ಚುಕ್ಕೆಯ ಮಾಧ್ಯಮದಲ್ಲಿ ಅದನ್ನು ಜಾಗವಿಲ್ಲವೆಂದು ಕಳೆದುಕೊಳ್ಳುವುದು ಶಾಸನಕಾಲದ ಅಸ್ಪಷ್ಟತೆಗೆ ಮರಳಿದಂತೆ. ವ್ಯತ್ಯಾಸವೆಂದರೆ ಶಾಸನವನ್ನು ವಿದ್ವಾಂಸ ಓದುತ್ತಾನೆ, ಟಿಕೆಟನ್ನೂ ಪಹಣಿಯನ್ನೂ ಎಲ್ಲರೂ ಓದುತ್ತಾರೆ.

ಭಾಷಾಭ್ಯಾಸಿಗಳ ಸಲಹೆ ತಲುಪದಿದ್ದಾಗ ಉಳಿದುಬಿಡುವ ತಪ್ಪಿಗೆ ಯೂನಿಕೋಡಿನಲ್ಲೇ ಉದಾಹರಣೆಯಿದೆ. ಹಳಗನ್ನಡದ 'ೞ' ಅಕ್ಷರಕ್ಕೆ ಅಲ್ಲಿ ದಾಖಲಾಗಿರುವ ಹೆಸರು 'ಫ' ಎಂದು. ಅದು ತಪ್ಪೆಂದು ಆ ಮಾನಕವೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹೆಸರು ಹಾಗೆಯೇ ಉಳಿದಿದೆ.

ಈ ಅಗತ್ಯವನ್ನು ಸಾಹಿತ್ಯದ ಒಳಗಿನಿಂದ ಕಂಡವರಲ್ಲಿ ಮೂಡಿಗೆರೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಪ್ರಮುಖರು. 2007ರಲ್ಲಿ ನಿಧನರಾಗುವವರೆಗೂ ಅವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಕನ್ನಡದ ಉಳಿವಿನ ಪ್ರಶ್ನೆಯಾಗಿಯೇ ಕಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಕಾದಂಬರಿಕಾರರೊಬ್ಬರು ಕೈಹಾಕಿದ ಕೆಲಸವನ್ನು ಕನ್ನಡ ವಿಭಾಗಗಳು ತಮ್ಮ ವ್ಯಾಪ್ತಿಗೆ ಹೊರಗಿನದೆಂದು ಭಾವಿಸಲು ಕಾರಣವಿಲ್ಲ.

ವಿಭಾಗಗಳಿಂದ ಆಗಬಹುದಾದ ಕೆಲಸ ಮೂರು. ಚುಕ್ಕೆಯೊಂದರಿಂದ ಅರ್ಥ ಬದಲಾಗುವ ಅಕ್ಷರಜೋಡಿಗಳ ಪಟ್ಟಿಯನ್ನು ಸಿದ್ಧಪಡಿಸುವುದು. ಬಳಕೆಯಲ್ಲಿರುವ ಒತ್ತಕ್ಷರಗಳನ್ನೂ ಕೇವಲ ಗಣಿತದಲ್ಲಿರುವ ಒತ್ತಕ್ಷರಗಳನ್ನೂ ಪದಕೋಶದ ಆಧಾರದಿಂದ ಬೇರ್ಪಡಿಸುವುದು. ಹೋಬಳಿ, ಗ್ರಾಮ, ವ್ಯಕ್ತಿನಾಮಗಳಿಂದ ಆಯ್ದ ಪರೀಕ್ಷಾಪದಗಳನ್ನು ಒದಗಿಸುವುದು. ನಿಘಂಟಿನಲ್ಲಿಲ್ಲದ ಸಂಯೋಗಗಳು ಹೆಸರುಗಳಲ್ಲಿ ಸಿಗುವುದರಿಂದ ಮೂರನೆಯದು ಅತ್ಯಂತ ಅವಶ್ಯ. ಹೊಸ ಫಾಂಟೊಂದು 'ಕೊಟ್ಟಿಗೆಹಾರ', 'ಬಲ್ಲಾಳರಾಯನದುರ್ಗ', 'ಸಿದ್ಧಪ್ಪ' ಎಂಬವನ್ನು 16 ಸಾಲುಗಳಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದರೆ ಅದನ್ನು ಬಳಕೆಗೆ ಬಿಡಬಹುದು. ತೋರಿಸದಿದ್ದರೆ ಸಾಲುಗಳನ್ನು ಹೆಚ್ಚಿಸಬೇಕು. ಚೌಕಕ್ಕೆ ತಕ್ಕಂತೆ ಹೆಸರನ್ನು ಮೊಟಕುಗೊಳಿಸುವುದು ಪರಿಹಾರವಲ್ಲ.